ಪತಂಗದ ಹೊತ್ತು, ರೈತನ ಲೆಕ್ಕ

ಹತ್ತಿಗೆ ಗುಲಾಬಿ ಕಾಯಿಕೊರಕ ಬಿದ್ದಿತೆಂದರೆ ನಮ್ಮ ರೈತ ಬಾಂಧವರು ಮೊದಲು ಓಡುವುದು ಔಷಧದ ಅಂಗಡಿಗೆ. ಆದರೆ ಹುಳು ಕಣ್ಣಿಗೆ ಬೀಳುವ ಹೊತ್ತಿಗೆ ಅದು ಕಾಯಿಯೊಳಗೆ ಭದ್ರವಾಗಿ ಕುಳಿತಿರುತ್ತದೆ. ಮೇಲೆ ಹೊಡೆದ ಔಷಧ ಅದನ್ನು ಮುಟ್ಟುವುದಿಲ್ಲ. ಹಣವೂ ಹೋಯಿತು, ಹತ್ತಿಯೂ ಹೋಯಿತು. 2002ರಲ್ಲಿ ಬಿಟಿ ಹತ್ತಿ ಬಂದಾಗ ಈ ಕಾಟ ತೀರಿತೆಂದು ಅನೇಕರು ನಂಬಿದ್ದರು. 2010ರ ಹೊತ್ತಿಗೆ ಅದಕ್ಕೂ ಜಗ್ಗದ ಹುಳುಗಳು ಗುಜರಾತಿನಲ್ಲಿ ಕಂಡುಬಂದವು. ಆದುದರಿಂದ ಈ ಶತ್ರುವನ್ನು ಪತಂಗವಾಗಿರುವಾಗಲೇ ಗುರುತಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಅದರ ದಿನಚರಿ ತಿಳಿದಿರಬೇಕು.

ಬೂದುಗಂದು ಬಣ್ಣದ ಈ ಸಣ್ಣ ಪತಂಗ ಹಗಲೆಲ್ಲ ನೆಲದ ಬಿರುಕಿನಲ್ಲಿ, ಕಸಕಡ್ಡಿಯಡಿಯಲ್ಲಿ ಅಡಗಿರುತ್ತದೆ. ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವ ಮುನ್ನ, ಹೆಣ್ಣು ಪತಂಗ ಗಿಡದ ಮೇಲೆ ಕುಳಿತು ಹೊಟ್ಟೆಯ ತುದಿಯ ಗ್ರಂಥಿಯನ್ನು ಹೊರಚಾಚಿ ಒಂದು ವಾಸನೆಯನ್ನು ಗಾಳಿಗೆ ಬಿಡುತ್ತದೆ. ನಮ್ಮ ಮೂಗಿಗೆ ಅದು ಹತ್ತದು. ಗಂಡು ಪತಂಗ ಮಾತ್ರ ಅದನ್ನು ಮೀಸೆಗಳಲ್ಲಿ ಹಿಡಿದು, ಗಾಳಿಗೆ ಎದುರಾಗಿ ಹಾರಿಬಂದು ಕೂಡುತ್ತದೆ. ಚಳಿಯ ರಾತ್ರಿಗಳಲ್ಲಿ ಈ ಹೊತ್ತು ತುಸು ಮುಂಚೆ ಸರಿಯುವುದೂ ಉಂಟು. ಅನೇಕ ಜಾತಿಯ ಪತಂಗಗಳನ್ನು ಬೆಳಕಿಲ್ಲದ ಕೋಣೆಯಲ್ಲಿಟ್ಟರೂ ಅವು ಕೆಲವು ದಿನ ತಮ್ಮ ತಮ್ಮ ಹೊತ್ತಿಗೇ ಕರೆಯುತ್ತವೆ. ಗಡಿಯಾರ ಅವುಗಳ ಮೈಯೊಳಗೇ ಇದೆಯೆಂದಾಯಿತು.

ಮಡಕಶಿರಾ, ಹೊಸೂರು, ತಾಳವಾಡಿ ಸೀಮೆಯ ರೇಷ್ಮೆಗಾರರಿಗೆ ಇದು ಹೊಸ ಮಾತಲ್ಲ. ರೇಷ್ಮೆಯ ಪತಂಗ ಬೆಳಗಿನ ಜಾವ ಗೂಡಿನಿಂದ ಹೊರಬಂದು ಬೆಳಿಗ್ಗೆಯೇ ಜೊತೆಗೂಡುತ್ತದೆ. ಮೊಟ್ಟೆ ಕೇಂದ್ರದವರು ಗಂಟೆ ನೋಡಿ ಬೇರ್ಪಡಿಸುತ್ತಾರೆ. ಆ ಪತಂಗದ ವಾಸನೆಯ ಗುಟ್ಟನ್ನೇ ವಿಜ್ಞಾನಿಗಳು ಮೊದಲು ಬಿಡಿಸಿದರು. ಜರ್ಮನಿಯ ಬುಟೆನಾಂಡ್ಟ್ ಎಂಬವರು ಸುಮಾರು 5 ಲಕ್ಷ ಹೆಣ್ಣು ಪತಂಗಗಳಿಂದ ಅದನ್ನು ತೆಗೆದು 1959ರಲ್ಲಿ ಲೋಕಕ್ಕೆ ತಿಳಿಸಿದರು. ಗುಲಾಬಿ ಕಾಯಿಕೊರಕದ ವಾಸನೆ 1973ರಲ್ಲಿ ತಿಳಿಯಿತು. ಇಂದು ಅಂಗಡಿಯಲ್ಲಿ ಸಿಗುವ ಮೋಹಕ ಬಲೆಯ ಲ್ಯೂರಿನಲ್ಲಿ ಇರುವುದು ಅದೇ.

ಈ ಬಲೆಯ ವಿಷಯದಲ್ಲಿಯೇ ನಮ್ಮದೊಂದು ತಕರಾರು. ಅನೇಕರು ಬಲೆಯನ್ನು ದೃಷ್ಟಿಬೊಂಬೆಯಂತೆ ಹೊಲದಲ್ಲಿ ನಿಲ್ಲಿಸಿ ಮರೆತುಬಿಡುತ್ತಾರೆ. ಎಕರೆಗೆ ಎರಡು ಬಲೆ ಹುಳುವನ್ನು ಮುಗಿಸಲಾರವು. ಬಲೆಗೆ ಬೀಳುವುದು ಗಂಡು ಮಾತ್ರ. ಉಳಿದ ಒಂದೊಂದು ಗಂಡೂ ಹಲವು ಹೆಣ್ಣುಗಳನ್ನು ಕೂಡಬಲ್ಲದು. ಈ ಬಲೆ ಸುದ್ದಿ ತರುವ ತಳವಾರ. ಸುದ್ದಿ ಕೇಳುವ ಕೆಲಸ ನಮ್ಮದು.

ಬಿತ್ತಿ 45 ದಿನವಾದೊಡನೆ ಬಲೆ ಕಟ್ಟಿ, ಬೆಳೆ ಬೆಳೆದಂತೆ ಅದನ್ನೂ ಎತ್ತರಿಸತಕ್ಕದ್ದು. ಪ್ರತಿದಿನ ಬೆಳಿಗ್ಗೆ ಎಣಿಸಿ ಬರೆದಿಡತಕ್ಕದ್ದು. ಮೂರು ರಾತ್ರಿ ಸತತವಾಗಿ ಬಲೆಯೊಂದಕ್ಕೆ 8 ಪತಂಗ ಬಿದ್ದರೆ, ಇಲ್ಲವೆ ಕಿತ್ತು ಸೀಳಿದ 20 ಹಸಿಕಾಯಿಗಳಲ್ಲಿ 2ರಲ್ಲಿ ಹುಳು ಕಂಡರೆ, ಆಗ ಸಿಂಪಡಣೆಗೆ ಕಾಲ ಬಂದಿತೆಂದು ತಿಳಿಯಬೇಕು. ಅದಕ್ಕೆ ಮುಂಚೆ ಹೊಡೆದರೆ ದಂಡ, ತೀರ ತಡವಾದರೂ ದಂಡ. ಒಂದು ಜಾತಿಯ ಲ್ಯೂರಿಗೆ ಇನ್ನೊಂದು ಜಾತಿ ಬಾರದು. ಕೊಳ್ಳುವಾಗ ಹೆಸರು ಓದಿಸಿ ಕೊಳ್ಳಿರಿ. ಚೀಟಿಯಲ್ಲಿ ಬರೆದ ದಿನಕ್ಕೆ ಲ್ಯೂರು ಬದಲಿಸಿರಿ.

ಇನ್ನೊಂದು ಮಾತು. ಒಬ್ಬನೇ ಮಾಡಿದರೆ ಪೂರ್ತಿ ಫಲವಿಲ್ಲ. ಪಕ್ಕದ ಹೊಲದಲ್ಲಿ ಗಂಡನ್ನು ಕೂಡಿದ ಹೆಣ್ಣು ನಮ್ಮ ಹೊಲಕ್ಕೆ ಬಂದು ಮೊಟ್ಟೆಯಿಡುತ್ತದೆ. ಬದುವನ್ನು ಅದು ಅರಿಯದು, ರಾಜ್ಯದ ಗಡಿಯನ್ನಂತೂ ಮೊದಲೇ ಅರಿಯದು. ಆದವಾನಿ ಸೀಮೆಯ ಹತ್ತಿಯ ಊರುಗಳಲ್ಲಿ ಎಲ್ಲರೂ ಒಂದೇ ವಾರದಲ್ಲಿ ಬಲೆ ಕಟ್ಟಿ, ಚಾವಡಿಯ ಹಲಗೆಯ ಮೇಲೆ ದಿನದ ಎಣಿಕೆ ಬರೆದರೆ, ಓದುಬಲ್ಲ ಹುಡುಗನೊಬ್ಬ ಊರಿಗೆಲ್ಲ ಎಚ್ಚರಿಕೆ ಕೊಡಬಲ್ಲನು. ಡಿಸೆಂಬರ್ ಮುಗಿಯುವುದರೊಳಗೆ ಬೆಳೆ ತೆಗೆದು, ಹುಳುವಿದ್ದ ಕಾಯಿಗಳನ್ನು ನಾಶಮಾಡುವುದನ್ನೂ ಎಲ್ಲರೂ ಕೂಡಿಯೇ ಮಾಡಬೇಕು. ಇಲ್ಲವಾದರೆ ಉಳಿದ ಕಾಯಿಯಲ್ಲಿ, ಬೀಜದಲ್ಲಿ ಮಲಗಿದ ಹುಳು ಮುಂದಿನ ಹತ್ತಿಗೆ ಎದ್ದು ಬರುತ್ತದೆ.

ಪತಂಗ ತನ್ನ ಹೊತ್ತನ್ನು ತಪ್ಪಿಸುವುದಿಲ್ಲ. ಬೆಳಗಿನ ಎಣಿಕೆಯ ಹೊತ್ತನ್ನು ನಾವೂ ತಪ್ಪಿಸದಿರೋಣ ಎಂಬುದೇ ರೈತ ಬಾಂಧವರಲ್ಲಿ ನಮ್ಮ ಅರಿಕೆ.