ಬಿಚ್ಚುವವರನ್ನು ಮರೆತ ಸ್ಕ್ರೂ

‘ಈಗಿನ ಪ್ಲಂಬರ್‌ಗಳಿಗೆ ಕೆಲಸವೇ ಬರುವುದಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ನನ್ನ ಬಾಡಿಗೆ ಮನೆಯ ಬಚ್ಚಲಿನಲ್ಲಿದೆ.

ಹುಬ್ಬಳ್ಳಿಯ ವಿದ್ಯಾನಗರದ ಆ ಮನೆಯ ನಳ ಸೋರುತ್ತಿತ್ತು. ಹಿಡಿಕೆಯ ಮುಚ್ಚಳದ ಕೆಳಗೊಂದು ಸ್ಕ್ರೂ ಇದೆ. ಅದನ್ನು ಬಿಚ್ಚಿದರೆ ಮಾತ್ರ ಒಳಗಿನ ಸ್ಪಿಂಡಲ್ ಕೈಗೆ ಸಿಗುತ್ತದೆ. ಪ್ಲಂಬರ್ ಎರಡು ಸಲ ತಿರುಗಿಸಿ ನೋಡಿ, ‘ಅಕ್ಕಾರ, ಸ್ಕ್ರೂ ತಲೀನ ಸವದೇತ್ರಿ. ನಳಾನ ಬದಲ ಮಾಡಬೇಕ್ರಿ’ ಎಂದ. ಮನೆಯೊಡತಿ ‘ನೀನ ಕೆಡಿಸಿದಿ’ ಎಂದು ಕೂಲಿಯಲ್ಲಿ ನೂರು ರೂಪಾಯಿ ಹಿಡಿದರು. ಹಿಂದಿನ ದಿನ ಚಾಕುವಿನ ತುದಿ ಹಾಕಿ ಅದನ್ನು ಸವೆಸಿದ್ದವನು ನಾನು. ಸಂಶೋಧನೆ ಮಾಡುವ ನಾನು ಸತ್ಯ ಹೇಳದೆ ನಿಂತಿದ್ದೆ.

ನನ್ನ ತಪ್ಪು ನನ್ನದೇ. ಆದರೆ ತಪ್ಪು ನನ್ನ ಚಾಕುವಿನಲ್ಲಷ್ಟೇ ಇಲ್ಲ. ಅಡ್ಡ-ಉದ್ದ ಗೀರಿನ ಈ ಸ್ಕ್ರೂವನ್ನು 1930ರ ದಶಕದಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸ್ ಬಳಕೆಗೆ ತಂದ. ಸ್ಕ್ರೂಡ್ರೈವರ್ ತಾನಾಗಿ ನಡುವಿಗೆ ಕೂರುತ್ತದೆ, ಕಾರ್ಖಾನೆಯಲ್ಲಿ ಬೇಗ ಬೇಗ ಬಿಗಿಯಬಹುದು; ಮೊದಲು ಕೈಹಿಡಿದದ್ದು ಕಾರು ತಯಾರಿಕೆಯೇ. ಆದರೆ ಅದರ ಗೀರು ಇಳಿಜಾರು. ಜೋರು ಹೆಚ್ಚಾದರೆ ಸ್ಕ್ರೂಡ್ರೈವರ್ ಮೇಲೆ ಜಾರಿ ಅಂಚನ್ನು ತಿನ್ನುತ್ತದೆ. ಅಂದರೆ ಇದು ಬಿಗಿಯುವವರ ಅನುಕೂಲಕ್ಕೆ ಹುಟ್ಟಿದ್ದು. ಹತ್ತು ವರ್ಷದ ಮೇಲೆ ಒದ್ದೆ ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಿಚ್ಚುವವರನ್ನು ಯಾರೂ ನೆನೆದಿರಲಿಲ್ಲ.

ಮೇಲೆ ನಮ್ಮ ಬೋರಿನ ಗಡಸು ನೀರು. ಸುಣ್ಣ ಕಟ್ಟಿ ಸ್ಕ್ರೂ ಹಿಡಿದುಕೊಳ್ಳುತ್ತದೆ. ಹಿತ್ತಾಳೆಯ ನಳಕ್ಕೆ ಅಗ್ಗದ ಕಬ್ಬಿಣದ ಸ್ಕ್ರೂ ಹಾಕಿದ್ದರೆ ನೀರು ಸೋಕಿ ಅದೇ ಮೊದಲು ತುಕ್ಕು ತಿನ್ನುತ್ತದೆ. ಕೆಲವೇ ರೂಪಾಯಿ ಉಳಿಸಲು ಹೋಗಿ ಇಡೀ ನಳ ಗುಜರಿಗೆ.

ಮಲಪ್ರಭೆಯ ನೀರಿಗಾಗಿ ದಿನ ಎಣಿಸುವ ಓಣಿಗಳಿರುವ ಊರು ಇದು. ಸೆಕೆಂಡಿಗೊಂದು ಹನಿ, 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ವಾರಕ್ಕೆ 30 ಲೀಟರ್, ಎರಡು ಕೊಡ, ಮೋರಿಗೆ ಹೋಗುತ್ತದೆ. ‘ಹೊಸಾದ ಹಾಕ್ರಿ’ ಎನ್ನುವುದು ಸುಲಭ. ದುಡ್ಡಿಲ್ಲದ ಮನೆಯಲ್ಲಿ ಕೆಳಗೊಂದು ಬಕೆಟ್ ಇಟ್ಟು ಸುಮ್ಮನಾಗುತ್ತಾರೆ.

ತಲೆ ಸವೆದ ಸ್ಕ್ರೂ ಬರುವುದೇ ಇಲ್ಲ ಎಂದೇನಲ್ಲ. ರಾತ್ರಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿಟ್ಟರೆ ಸುಣ್ಣ ಸಡಿಲವಾಗುತ್ತದೆ. ಬೆಳಿಗ್ಗೆ ದಪ್ಪ ರಬ್ಬರ್ ಬ್ಯಾಂಡ್ ನಡುವೆ ಇಟ್ಟು, ಸರಿಯಾದ ಅಳತೆಯ ಸ್ಕ್ರೂಡ್ರೈವರನ್ನು ಒತ್ತಿ ನಿಧಾನ ತಿರುಗಿಸಬೇಕು. ಆಗದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ತಲೆಯ ಮೇಲೆ ಹೊಸ ಗೀರು ಕೊಯ್ದು ಚಪ್ಪಟೆ ಸ್ಕ್ರೂಡ್ರೈವರ್ ಹಾಕಬೇಕು. ಇದಕ್ಕೆ ಬೇಕಾದದ್ದು ಸಮಯ. ಆ ಸಮಯಕ್ಕೆ ನಾವು ಕೂಲಿ ಕೊಡುವುದಿಲ್ಲ. ಹೊಸ ನಳಕ್ಕೆ ಮಾತ್ರ ಚೌಕಾಸಿಯಿಲ್ಲದೆ ಕೊಡುತ್ತೇವೆ.

2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿ ರಚಿಸಿತು. ಆಗ ಗುರುತಿಸಿದ್ದು ಕೃಷಿ ಉಪಕರಣ, ಮೊಬೈಲ್-ಟ್ಯಾಬ್ಲೆಟ್, ಗೃಹಬಳಕೆಯ ಯಂತ್ರ, ವಾಹನ. ಬಚ್ಚಲಿನ ನಳ ಇದರಲ್ಲಿ ಎಲ್ಲಿ ನಿಲ್ಲುತ್ತದೆ? ತುಕ್ಕು ಹಿಡಿಯದ ಸ್ಕ್ರೂ, ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಸ್ಪಿಂಡಲ್: ಇಷ್ಟು ಕೇಳುವುದೂ ಹಕ್ಕೇ.

ಮರುದಿನ ಪ್ಲಂಬರನಿಗೆ ನಿಜ ಹೇಳಿ ನೂರು ರೂಪಾಯಿ ಕೊಟ್ಟೆ. ‘ಇರ್ಲಿ ಬಿಡ್ರಿ ಸರ, ನಮಗ ಇದು ದಿನಾ ಇದ್ದದ್ದ’ ಎಂದ. ದಿನಾ ಇರಬಾರದು. ಮುಂದಿನ ಸಲ ನಳ ಕೊಳ್ಳುವಾಗ ಹೊಳಪು ನೋಡುವ ಮೊದಲು ಮುಚ್ಚಳ ತೆಗೆಸಿ ಸ್ಕ್ರೂ ನೋಡಿ.