ಮೌಂಟ್ ಕೋಡ್: ಬೀಗ ಮತ್ತು ಲೆಕ್ಕದ ಮೂರು ದಶಕ

ಕುಷ್ಟಗಿಯಲ್ಲಾಗಲಿ ಯಲಬುರ್ಗಾದಲ್ಲಾಗಲಿ, ಯಾರ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೂ ಅದರೊಳಗಿರುವುದು ಲಿನಕ್ಸ್ ಕರ್ನಲ್. ಮೆಮೊರಿ ಕಾರ್ಡ್ ಹಾಕಿದಾಗ ಅದರ ಕಡತಗಳನ್ನು ಇಡೀ ವ್ಯವಸ್ಥೆಗೆ ಜೋಡಿಸುವುದು, ಸಾಮಾನ್ಯವಾಗಿ ಯಾರೂ ಬಳಸುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಬಿಡಿಸುವುದು ಮೌಂಟ್ ಕೋಡಿನ ಕೆಲಸ. ಹಲವು ಪ್ರೊಸೆಸರ್‌ಗಳು ಒಮ್ಮೆಲೇ ಕೈಹಾಕಿ ಕೆಡಿಸದಂತೆ ಲಾಕ್ ತಡೆಯುತ್ತದೆ. ಬಳಸುತ್ತಿರುವವರು ಇನ್ನೆಷ್ಟು ಮಂದಿ ಎಂಬುದನ್ನು ರೆಫರೆನ್ಸ್ ಕೌಂಟ್ ಹೇಳುತ್ತದೆ. ಈ ಎರಡನ್ನೂ ಹೊಂದಿಸುವ ಹಾದಿಯಲ್ಲಿ ಗಳಿಸಿದ್ದೇನು, ಎಡವಿದ್ದೆಲ್ಲಿ ಎಂದು ಒಮ್ಮೆ ಹಿಂತಿರುಗಿ ನೋಡುವುದು ಅಗತ್ಯ.

1996ರ 2.0 ಆವೃತ್ತಿಯಲ್ಲಿ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಬೀಗವಿತ್ತು: ಬಿಗ್ ಕರ್ನಲ್ ಲಾಕ್. ಅದು ಭದ್ರವಾಗಿತ್ತು, ಆದರೆ ಪ್ರೊಸೆಸರ್‌ಗಳು ಹೆಚ್ಚಿದಂತೆ ಸರದಿಯೂ ಉದ್ದವಾಯಿತು. ಅದನ್ನು ಪೂರ್ತಿ ಕಿತ್ತುಹಾಕಲು 2011ರ 2.6.39 ಆವೃತ್ತಿಯವರೆಗೆ ಕಾಯಬೇಕಾಯಿತು. ಈ ನಡುವೆ ನಮ್ಮ ರಾಜ್ಯದಲ್ಲೂ ಮಹತ್ವದ ಕೆಲಸ ನಡೆಯಿತು. ಬೆಂಗಳೂರಿನ ಐಬಿಎಂ ಸಾಫ್ಟ್‌ವೇರ್ ಲ್ಯಾಬ್‌ನಲ್ಲಿದ್ದ ದೀಪಂಕರ್ ಸರ್ಮಾ ಮತ್ತು ಮನೀಶ್ ಸೋನಿ, ಕಡತದ ಹೆಸರು ಹುಡುಕುವ ಡಿಕ್ಯಾಶ್‌ಗೆ ಆರ್‌ಸಿಯು ವಿಧಾನ ಅಳವಡಿಸಿದರು. ಓದುವವರು ಲಾಕ್ ಹಿಡಿಯಬೇಕಿಲ್ಲ. ಹಳೆಯದನ್ನು ಓದುತ್ತಿದ್ದವರೆಲ್ಲ ಮುಗಿಸಿದ ಮೇಲಷ್ಟೇ ಅದರ ವಿಲೇವಾರಿ. ಪಾಲ್ ಮೆಕೆನ್ನಿ ಜೊತೆ ಅವರು ಬರೆದ ಲೇಖನ 2004ರಲ್ಲಿ ‘ಲಿನಕ್ಸ್ ಜರ್ನಲ್’ನಲ್ಲಿ ಬಂತು. ಮುಂದೆ ಮೌಂಟ್ ಕೋಡ್ ಹಿಡಿದದ್ದೂ ಇದೇ ದಾರಿಯನ್ನು.

2011ರ 2.6.38ರಲ್ಲಿ ನಿಕ್ ಪಿಗಿನ್ ಮೌಂಟ್‌ನ ಕೌಂಟನ್ನು ಪ್ರೊಸೆಸರ್‌ಗೊಂದರಂತೆ ಹಂಚಿದರು. ಗಂಗಾವತಿಯ ರೈಸ್ ಮಿಲ್ಲಿನ ಗೋದಾಮಿಗೆ ಹಲವು ಬಾಗಿಲುಗಳಿದ್ದು, ಬಾಗಿಲಿಗೊಂದು ವಹಿ ಇಟ್ಟಂತೆ ಈ ಏರ್ಪಾಡು. ಹಮಾಲಿ ಒಳಹೋದ ಬಾಗಿಲಲ್ಲಿ ಒಂದು ಕೂಡಿಸುತ್ತಾನೆ, ಹೊರಬಂದ ಬಾಗಿಲಲ್ಲಿ ಒಂದು ಕಳೆಯುತ್ತಾನೆ. ಬಿಡಿ ವಹಿ ನೋಡಿದರೆ ಏನೂ ತಿಳಿಯದು. ಎಲ್ಲವನ್ನೂ ಕೂಡಿಸಿ ಸೊನ್ನೆ ಬಂದರೆ ಬೀಗ ಹಾಕಬಹುದು. ಇದರಿಂದ ಸಿಕ್ಕ ವೇಗ ದೊಡ್ಡದು.

2013ರಲ್ಲಿ ಮೌಂಟ್‌ಗಳಿಗೂ ಆರ್‌ಸಿಯು ಬಂದಾಗ ಒಂದು ಬಿರುಕು ಉಳಿಯಿತು. ಬಳಕೆ ಮುಗಿಯುವ ಮೊದಲೇ ಬಿಡಿಸಿದ ಮೌಂಟ್‌ನ ಒಳಗೆ ಇಬ್ಬರಿದ್ದಾರೆ ಎನ್ನಿ. ಒಬ್ಬ ಹೊರಬಂದು, ತಾನೇ ಕೊನೆಯವನೋ ಎಂದು ತಿಳಿಯಲು ಮೊದಲ ಬಾಗಿಲಿಂದ ವಹಿ ಕೂಡಿಸುತ್ತ ಹೊರಟ. ಅವನು ಮುಂದೆ ಸಾಗಿದ ಮೇಲೆ ಮೂರನೆಯವನೊಬ್ಬ ಮೊದಲ ಬಾಗಿಲಿಂದ ಒಳಹೊಕ್ಕು, ಕೊನೆಯ ಬಾಗಿಲಿಂದ ಹೊರಬಿದ್ದ. ಎಣಿಸುವವನಿಗೆ ಅವನು ಒಳಹೋದದ್ದು ಕಾಣಲಿಲ್ಲ, ಹೊರಬಂದದ್ದು ಕಂಡಿತು. ಒಂದು ಬರಬೇಕಾದಲ್ಲಿ ಸೊನ್ನೆ ಬಂತು. ಒಳಗೊಬ್ಬ ಇರುವಾಗಲೇ ಬೀಗ ಬಿತ್ತು. ಕರ್ನಲ್‌ನಲ್ಲಿ ಇದರ ಅರ್ಥ, ಕಡತವೊಂದು ಇನ್ನೂ ತೆರೆದಿರುವಾಗಲೇ ಅದರ ಮೌಂಟ್‌ನ ಮೆಮೊರಿ ಬಿಡುಗಡೆಯಾಗುವುದು.

ಜಾನ್ ಹಾರ್ನ್ ಇದನ್ನು ವರದಿ ಮಾಡಿದರು. 2018ರ ಆಗಸ್ಟ್‌ನಲ್ಲಿ ಅಲ್ ವಿರೋ ಸರಿಪಡಿಸಿದರು. ಜೋಡಣೆಯಲ್ಲಿರುವ ಮೌಂಟ್‌ಗೆ ಹಳೆಯ ವೇಗದ ದಾರಿಯೇ ಉಳಿಯಿತು. ಬಿಡಿಸಿದ ಮೌಂಟ್‌ನಲ್ಲಿ ಮಾತ್ರ, ಕೌಂಟ್ ಇಳಿಸುವ ಮೊದಲೇ ಲಾಕ್ ಹಿಡಿಯಬೇಕೆಂದಾಯಿತು. ಎಣಿಕೆ ನಡೆಯುವಾಗ ಯಾರೂ ಹೊರಹೋದದ್ದನ್ನು ಬರೆಯುವಂತಿಲ್ಲ, ಅಷ್ಟೇ.

ಸರಿಪಡಿಸಿದ ರೀತಿ ಸರಳ. ಆದರೆ ಎಲ್ಲರಿಗೂ ತೆರೆದಿದ್ದ ಕೋಡಿನಲ್ಲಿ ಈ ತಪ್ಪು ಸುಮಾರು ಐದು ವರ್ಷ ಕುಳಿತಿತ್ತು ಎಂಬುದನ್ನು ಮರೆಯಬಾರದು. ಕೋಡ್ ತೆರೆದಿದ್ದರೆ ಸಾಲದು, ಸಾಲು ಸಾಲಾಗಿ ಓದುವವರು ಬೇಕು. ಇಂಥ ತಪ್ಪು ಸಾಮಾನ್ಯ ಪರೀಕ್ಷೆಗೆ ಸಿಗುವುದೇ ಅಪರೂಪ. ಎರಡು ಕೆಲಸಗಳ ನಡುವಿನ ಕ್ಷಣದಲ್ಲಿ ಏನಾಗಬಹುದೆಂದು ಯೋಚಿಸುತ್ತ ಓದುವವರಿಗೆ ಸಿಗುತ್ತದೆ. ಮೂವತ್ತು ವರ್ಷಗಳಲ್ಲಿ ಕೋಡ್ ಬರೆದವರಿಗೆ ಸಂದ ಮನ್ನಣೆ, ಅದನ್ನು ಓದಿ ತಿದ್ದಿದವರಿಗೆ ಸಂದಿಲ್ಲ. ಇದು ನಿಜವಾದ ಕೊರತೆ.

ನಮ್ಮ ಕೊಪ್ಪಳ ಜಿಲ್ಲೆಯ ತಳಕಲ್‌ನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಈ ಕೊರತೆ ನೀಗಲು ಅಲ್ಲಿ, ಅಂತಿಮ ವರ್ಷದ ಪ್ರಾಜೆಕ್ಟ್ ಎಂದರೆ ಹೊಸದೊಂದು ಆ್ಯಪ್ ಎಂಬ ರೂಢಿ ಬದಲಾಗಲಿ. 2013ರ ಆ ಬದಲಾವಣೆಯನ್ನೂ 2018ರ ತಿದ್ದುಪಡಿಯನ್ನೂ ಎದುರಿಗಿಟ್ಟುಕೊಂಡು, ತಪ್ಪು ಎಲ್ಲಿತ್ತು, ತಿದ್ದುಪಡಿ ಏಕೆ ಸರಿ ಎಂದು ವಿವರಿಸುವುದನ್ನೂ ಪ್ರಾಜೆಕ್ಟ್ ಎಂದು ಒಪ್ಪಿ ಅಂಕ ಕೊಡಬೇಕು. ಇದಕ್ಕೆ ಬೇಕಾದ ಕೋಡ್ ಪುಕ್ಕಟೆ ಸಿಗುತ್ತದೆ. ಒಂದು ಸಾಧಾರಣ ಕಂಪ್ಯೂಟರ್, ತಾಳ್ಮೆ ಮತ್ತು ಕೂಡಿಸಿಕೊಂಡು ಓದಿಸುವ ಮೇಷ್ಟ್ರು ಇದ್ದರೆ ಸಾಕು.