ಬಾಳುವ ಟಾಯರು: ದಾರಿ ನೋಡಿ ಆಯ್ಕೆ

ನಮ್ಮ ಅವಳಿ ನಗರದ ಜನಜೀವನದಲ್ಲಿ ಸೈಕಲ್ಲಿಗೆ ಒಂದು ಕಾಲಕ್ಕೆ ಗೌರವದ ಸ್ಥಾನವಿತ್ತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಕಾರ್ಮಿಕರು, ಧಾರವಾಡದ ಶಾಲಾ ಮಾಸ್ತರರು, ಕಾಲೇಜಿನ ವಿದ್ಯಾರ್ಥಿಗಳು, ಹಾಲು ಮಾರುವವರು, ಎಲ್ಲರೂ ಅದನ್ನೇ ನಂಬಿದ್ದರು. ಸ್ಕೂಟರು, ಮೋಟಾರು ಸೈಕಲ್ಲುಗಳು ಮನೆಮನೆಗೆ ಬಂದ ಮೇಲೆ ಅದು ಹಿತ್ತಲಿನ ಗೋಡೆಗೆ ಒರಗಿತು. ಈಗ ಅದು ಮತ್ತೆ ಬೀದಿಗೆ ಇಳಿಯುತ್ತಿರುವುದು ಸಂತೋಷದ ಸಂಗತಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಕೆಲಸಕ್ಕೆ ಹೋಗಿಬರಲು ದಿನಕ್ಕೆ ಅರ್ಧ ಗಂಟೆ ಸೈಕಲ್ಲು ತುಳಿದರೆ ಐದೇ ದಿನಗಳಲ್ಲಿ ಆ ಲೆಕ್ಕ ತುಂಬುತ್ತದೆ.

ಆದರೆ ಈ ಉತ್ಸಾಹ ಬಹಳ ಸಲ ಒಂದು ಸಣ್ಣ ಕಾರಣಕ್ಕೆ ಮುರಿದುಬೀಳುತ್ತದೆ. ಎರಡು ವಾರದಲ್ಲಿ ಮೂರು ಸಲ ಪಂಕ್ಚರ್ ಆದರೆ ಆರೋಗ್ಯಕ್ಕಾಗಿ ಸವಾರಿ ಆರಂಭಿಸಿದವರು ಸೈಕಲ್ಲನ್ನು ಮತ್ತೆ ಮೂಲೆಗೆ ನಿಲ್ಲಿಸುತ್ತಾರೆ. ದುಡಿಮೆಗೆ ಹೋಗುವವರಿಗಾದರೋ ದಾರಿಯಲ್ಲಿ ಗಾಳಿ ಹೋಯಿತೆಂದರೆ ಅರ್ಧ ದಿನದ ಕೂಲಿಯೇ ಹೋಗಬಹುದು. ಇಳಿಜಾರಿನಲ್ಲಿ ಮುಂದಿನ ಟಾಯರು ಒಡೆದರೆ ಜೀವಕ್ಕೇ ಅಪಾಯ. ಆದ್ದರಿಂದ ಟಾಯರಿನ ಆಯ್ಕೆಯನ್ನು ಅಂಗಡಿಯವರಿಗೆ ಬಿಟ್ಟು ಸುಮ್ಮನಿರುವುದು ಸರಿಯಲ್ಲ. ಮನೆಯ ಹಿರಿಯರೂ ತಾಯಂದಿರೂ ಇದನ್ನು ಅರಿತಿರುವುದು ಒಳ್ಳೆಯದು.

ಮೊದಲು ನಮ್ಮ ದಾರಿಗಳನ್ನು ನೋಡೋಣ. ಹುಬ್ಬಳ್ಳಿಗೂ ಧಾರವಾಡಕ್ಕೂ ಇರುವ ಅಂತರ ಸುಮಾರು 20 ಕಿಲೋಮೀಟರು. ಇಷ್ಟರಲ್ಲೇ ನೆಲದ ಗುಣ ಬದಲಾಗುತ್ತದೆ. ಧಾರವಾಡ ಮಲೆನಾಡಿನ ಸೆರಗು. ಅಲ್ಲಿ ಏರಿಳಿತ ಹೆಚ್ಚು, ಮಳೆಯೂ ಹೆಚ್ಚು. ಹುಬ್ಬಳ್ಳಿಯಿಂದ ಮೂಡಣಕ್ಕೆ, ಅಣ್ಣಿಗೇರಿ ನವಲಗುಂದಗಳ ಕಡೆಗೆ ಹೊರಟರೆ ಎರೆನೆಲ. ಮಳೆಯಲ್ಲಿ ಆ ಎರೆಮಣ್ಣು ಟಾಯರಿಗೆ ಮೆತ್ತಿ ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯನ್ನೇ ಕಟ್ಟಿಹಾಕುತ್ತದೆ. ರಸ್ತೆಯ ಅಂಚಿನಲ್ಲಿ ಗಾಜಿನ ಚೂರು, ಜಾಲಿ ಮುಳ್ಳು ಇದ್ದೇ ಇರುತ್ತವೆ. ಇವೆಲ್ಲಕ್ಕಿಂತ ದೊಡ್ಡ ವೈರಿ ನೆಲಕ್ಕೆ ಹರಡಿ ಹಳದಿ ಹೂ ಬಿಡುವ ನೆಗ್ಗಿಲು. ಆಯುರ್ವೇದದಲ್ಲಿ ಗೋಕ್ಷುರವೆಂದು ಮಾನ್ಯವಾದ ಈ ಬಳ್ಳಿಯ ಕಾಯಿ ಒಣಗಿ ಒಡೆದು ಬಿದ್ದಾಗ ಯಾವ ಮಗ್ಗುಲಿಗೆ ಹೊರಳಿದರೂ ಒಂದಾದರೂ ಮುಳ್ಳು ಮೇಲಕ್ಕೆ ಚಾಚಿರುತ್ತದೆ.

ಇಂಥ ದಾರಿಗೆ ದಪ್ಪ ಗಡ್ಡೆಗಳುಳ್ಳ ಟಾಯರೇ ಬಾಳಿಕೆಯದೆಂದು ಹಲವರು ನಂಬಿದ್ದಾರೆ. ಮಕ್ಕಳಂತೂ ನೋಟಕ್ಕೆ ಮರುಳಾಗಿ ಅದನ್ನೇ ಕೇಳುತ್ತಾರೆ. ಆ ಗಡ್ಡೆಗಳು ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ ಕಚ್ಚಿ ಹಿಡಿಯಲು ಮಾಡಿದವು. ಡಾಂಬರಿನ ಮೇಲೆ ಅವು ಬೇಗ ಸವೆಯುತ್ತವೆ, ಸದ್ದು ಮಾಡುತ್ತವೆ, ತುಳಿಯುವವರ ಶ್ರಮವನ್ನೂ ಹೆಚ್ಚಿಸುತ್ತವೆ. ಗಡ್ಡೆಗಳ ನಡುವಿನ ತಗ್ಗಿನಲ್ಲಿ ರಬ್ಬರು ತೆಳುವಾಗಿರುವುದರಿಂದ ಮುಳ್ಳು ಅಲ್ಲಿಯೇ ನಾಟಬಹುದು. ನಿತ್ಯ ಪಿ.ಬಿ. ರಸ್ತೆಯಲ್ಲಿ ಓಡಾಡುವವರಿಗೆ ನಡುವೆ ನುಣುಪಾಗಿ, ಅಂಚಿನಲ್ಲಿ ಸಣ್ಣ ಗೀರುಗಳಿರುವ ಟಾಯರೇ ಯೋಗ್ಯ. ಹೊಲದ ದಾರಿ ಹಿಡಿಯುವವರಿಗೆ ಮಾತ್ರ ಗಡ್ಡೆಯ ಟಾಯರಿನಿಂದ ಪ್ರಯೋಜನ.

ಗಾಳಿಯೇ ಬೇಡದ ಗಟ್ಟಿ ರಬ್ಬರಿನ ಟಾಯರು ಹಾಕಿಸಿದರೆ ಪಂಕ್ಚರಿನ ಕಾಟವೇ ಇರದಲ್ಲ ಎಂದು ಕೆಲವರು ಕೇಳುವುದುಂಟು. ಹಿಂದೆ ಲೋಕವೆಲ್ಲ ಅದನ್ನೇ ಬಳಸುತ್ತಿತ್ತು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿ ತುಂಬಿದ ಟಾಯರು ಮಾಡಿ 1888ರಲ್ಲಿ ಪೇಟೆಂಟ್ ಪಡೆದ ಮೇಲೆ ಗಟ್ಟಿ ಟಾಯರು ಹಿಂದೆ ಸರಿಯಿತು. ತಗ್ಗಿನ ಪೆಟ್ಟನ್ನು ಗಾಳಿ ನುಂಗಿಕೊಳ್ಳುತ್ತದೆ. ಗಟ್ಟಿ ರಬ್ಬರು ಅದನ್ನು ರಿಮ್ಮಿಗೂ ಸವಾರನ ಬೆನ್ನಿಗೂ ದಾಟಿಸುತ್ತದೆ.

ಇನ್ನು ಅಳತೆಯ ಮಾತು. ಇದರಲ್ಲಿ ಮೋಸಹೋಗುವವರು ಬಹಳ. ‘26 ಇಂಚಿನ ಟಾಯರು ಕೊಡಿ’ ಎಂದರೆ ಸಾಲದು. ಒಂದೇ 26ರ ಹೆಸರಿನಲ್ಲಿ ಬೇರೆಬೇರೆ ಅಳತೆಗಳಿವೆ. 26×1.95 ಟಾಯರು ಕೂರುವ ರಿಮ್ಮಿನ ವ್ಯಾಸ 559 ಮಿಲಿಮೀಟರು. ಮಹಿಳೆಯರ ಅನೇಕ ಸೈಕಲ್ಲುಗಳಲ್ಲಿರುವ 26×1⅜ ಟಾಯರಿನದು 590. ಹಳೆಯ ಕರಿಯ ಸೈಕಲ್ಲಿನ 28×1½ ಅಳತೆಗೆ 635, ಹೊಸ ಸೈಕಲ್ಲುಗಳ 700ರ ಟಾಯರಿಗೆ 622. ಒಂದರ ಟಾಯರು ಇನ್ನೊಂದಕ್ಕೆ ಕೂರದು. ಆದ್ದರಿಂದ ಹಳೆಯ ಟಾಯರಿನ ಪಕ್ಕೆಯಲ್ಲಿ ಅಚ್ಚಾಗಿರುವ 37-622, 40-635 ಎಂಬಂಥ ಜೋಡಿ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಮೊದಲಿನದು ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಎರಡನೆಯ ಅಂಕಿ ತಪ್ಪದೆ ಹೊಂದಲೇಬೇಕು. ಅಗಲದಲ್ಲಿ ಸ್ವಲ್ಪ ಹೆಚ್ಚುಕಡಿಮೆ ನಡೆದೀತು, ಆದರೆ ಮಡ್‌ಗಾರ್ಡಿಗೂ ಟಾಯರಿಗೂ ನಡುವೆ ಬೆರಳು ತೂರುವಷ್ಟು ಜಾಗ ಉಳಿಯಬೇಕು. ನಮ್ಮ ರಸ್ತೆಗಳಲ್ಲಿ ನಿತ್ಯದ ಓಡಾಟಕ್ಕೆ 32ರಿಂದ 40 ಮಿಲಿಮೀಟರಿನ ಅಗಲ ಹಿತವಾದದ್ದು. 25ರ ಸಪೂರ ಟಾಯರು ಸ್ಪರ್ಧೆಗೆ ಇರಲಿ.

ಕೊಳ್ಳುವಾಗ ಟಾಯರನ್ನು ಕೈಯಲ್ಲಿ ಹಿಡಿದು ನೋಡಬೇಕು. ಒಳಗಿನ ನೂಲಿನ ಹೆಣಿಗೆ ಎಲ್ಲಿಯೂ ಬಿಟ್ಟಿರಬಾರದು. ಪಕ್ಕೆಯನ್ನು ಮಡಿಸಿದಾಗ ಬಿರುಕು ಕಾಣಬಾರದು. ಬಿರುಕು ಕಂಡರೆ ಅದು ಅಂಗಡಿಯಲ್ಲಿಯೇ ಹಳೆಯದಾದ ಮಾಲು. ಕೆಲವು ಟಾಯರುಗಳಲ್ಲಿ ನೆಲ ಮುಟ್ಟುವ ರಬ್ಬರಿನ ಕೆಳಗೆ ಮುಳ್ಳು ತಡೆಯುವ ಒಂದು ಪದರ ಸೇರಿಸಿರುತ್ತಾರೆ. ಬೆಲೆಯೂ ತೂಕವೂ ಸ್ವಲ್ಪ ಹೆಚ್ಚು, ಆದರೆ ನೆಗ್ಗಿಲಿನ ನಾಡಿನಲ್ಲಿ ಆ ಖರ್ಚು ವ್ಯರ್ಥವಾಗದು. ಟ್ಯೂಬಿನೊಳಗೆ ತುಂಬುವ ಜೆಲ್ ಮುಳ್ಳಿನ ಸಣ್ಣ ತೂತನ್ನು ಮುಚ್ಚಬಲ್ಲದು. ಗಾಜಿನ ಸೀಳಿಗೆ ಅದು ಉಪಾಯವಲ್ಲ.

ಎಷ್ಟೇ ಒಳ್ಳೆಯ ಟಾಯರು ತಂದರೂ ಅದರ ಆಯುಷ್ಯ ನಿಂತಿರುವುದು ಗಾಳಿಯ ಮೇಲೆ. ಈ ಒಂದು ಮಾತನ್ನು ಮನೆಯವರೆಲ್ಲ ನೆನಪಿಡಬೇಕೆಂದು ನಮ್ಮ ಆಗ್ರಹ. ತೂತಿಲ್ಲದಿದ್ದರೂ ಟ್ಯೂಬಿನಿಂದ ಗಾಳಿ ಮೆಲ್ಲನೆ ಸೋರುತ್ತಲೇ ಇರುತ್ತದೆ. ಗಾಳಿ ಕಡಿಮೆಯಾದ ಟಾಯರಿನ ಪಕ್ಕೆ ಪ್ರತಿ ಸುತ್ತಿಗೂ ಮಡಿಸಿ ಮಡಿಸಿ ಒಳಗಿನ ನೂಲು ಕಡಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಗಾಳಿ ಹೊಡೆಯುವುದು ನಿಯಮವಾಗಲಿ. ಪಕ್ಕೆಯ ಮೇಲೆ ಬರೆದ ಗರಿಷ್ಠ ಮಿತಿಯನ್ನು ಎಂದೂ ಮೀರಬಾರದು. 37 ಮಿಲಿಮೀಟರಿನ ಟಾಯರಿಗೆ, 70 ಕಿಲೋ ತೂಕದ ಸವಾರರಿಗೆ, 50 ಪೌಂಡಿನ ಆಸುಪಾಸು ಸಾಕಾಗುತ್ತದೆ. ಹಗುರಾದವರಿಗೆ ಇನ್ನೂ ಕಡಿಮೆ, ಕ್ಯಾರಿಯರಿನ ಮೇಲೆ ಹೊರೆ ಇದ್ದರೆ ಹಿಂದಿನ ಗಾಲಿಗೆ ಸ್ವಲ್ಪ ಹೆಚ್ಚು. ಸಣ್ಣ ರಬ್ಬರಿನ ವಾಲ್‌ಟ್ಯೂಬ್ ಇರುವ ಹಳೆಯ ಮಾದರಿಯಲ್ಲಿ ಅಳತೆ ನೋಡುವುದು ಕಷ್ಟ. ಸವಾರರು ಕುಳಿತಾಗ ಟಾಯರು ನೆಲದ ಬಳಿ ತುಸುವೇ ಉಬ್ಬಿದರೆ ಸರಿಯಾಗಿದೆಯೆಂದು ತಿಳಿಯಬೇಕು.

ಪಂಕ್ಚರ್ ಆದಾಗ ತೂತು ಎಲ್ಲಿದೆಯೆಂದು ನೋಡಿದರೆ ಕಾರಣ ತಾನೇ ತಿಳಿಯುತ್ತದೆ. ಟ್ಯೂಬಿನ ಹೊರಮೈಯಲ್ಲಿ ಒಂದೇ ತೂತಿದ್ದರೆ ಮುಳ್ಳು ಅಥವಾ ಗಾಜು. ಟಾಯರಿನ ಒಳಗೆ ಬಟ್ಟೆಯಿಂದ ಸವರಿ ಅದನ್ನು ಹುಡುಕಿ ತೆಗೆಯದಿದ್ದರೆ ಮರುದಿನವೂ ಅದೇ ಗತಿ. ಅಕ್ಕಪಕ್ಕದಲ್ಲಿ ಎರಡು ಸೀಳು ಕಂಡರೆ ಗಾಳಿ ಸಾಲದೆ ತಗ್ಗಿನಲ್ಲಿ ಟ್ಯೂಬು ರಿಮ್ಮಿಗೆ ಸಿಕ್ಕಿ ಜಜ್ಜಿದೆ. ರಿಮ್ಮಿನ ಕಡೆಯ ಮೈಯಲ್ಲಿ ತೂತಿದ್ದರೆ ಕಡ್ಡಿಯ ತುದಿ ಚುಚ್ಚುತ್ತಿದೆ. ರಿಮ್ಮಿನ ಪಟ್ಟಿ ಬದಲಿಸಬೇಕು.

ಹಿಂದಿನ ಟಾಯರು ಹೆಚ್ಚು ಭಾರ ಹೊರುವುದರಿಂದ ಬೇಗ ಸವೆಯುತ್ತದೆ. ಹೊಸದನ್ನು ನೇರವಾಗಿ ಹಿಂದಕ್ಕೆ ಹಾಕಿಸುವುದು ರೂಢಿ. ಅಳತೆ ಒಂದೇ ಆಗಿದ್ದರೆ ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದೆ ಹಾಕಿಸುವುದು ಲೇಸು. ಮುಂದಿನ ಟಾಯರು ಕೈಕೊಟ್ಟಾಗ ಸೈಕಲ್ಲನ್ನು ಹತೋಟಿಯಲ್ಲಿಡುವುದು ಬಲು ಕಷ್ಟ. ನೂಲು ಹೊರಗೆ ಕಂಡ, ಪಕ್ಕೆಯಲ್ಲಿ ಬುಗುಟು ಎದ್ದ, ಬ್ರೇಕಿನ ರಬ್ಬರು ತಾಗಿ ಸವೆದ ಟಾಯರನ್ನು ಇನ್ನೊಂದು ತಿಂಗಳು ಓಡಲೆಂದು ಉಳಿಸಬಾರದು. ಬಿಸಿಲು, ಎಣ್ಣೆ, ಸೀಮೆಎಣ್ಣೆ ಮೂರೂ ರಬ್ಬರಿಗೆ ಶತ್ರುಗಳು.

ರಾಜ್ಯ ಸರ್ಕಾರ 2006-07ರಲ್ಲಿ 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಆರಂಭಿಸಿದಾಗ ಎಷ್ಟೋ ಮನೆಗಳಲ್ಲಿ ಮಗಳ ಹೆಸರಿನಲ್ಲಿಯೇ ಸೈಕಲ್ಲು ಬಂದಿತು. ಅಂಥ ಸೈಕಲ್ಲು ಟಾಯರು ಕೊಳೆತು ಮೂಲೆ ಸೇರಿದ್ದರೆ ಒಂದು ಜೊತೆ ಒಳ್ಳೆಯ ಟಾಯರು, ಟ್ಯೂಬುಗಳಿಂದ ಅದಕ್ಕೆ ಮರುಜೀವ ಬಂದೀತು. ಮಕ್ಕಳಿಗೆ ಸೈಕಲ್ಲು ಕೊಡಿಸುವಾಗ ಜೊತೆಗೊಂದು ಪಂಪನ್ನೂ ಕೊಡಿಸೋಣ. ಟಾಯರು ಬಿಚ್ಚಿ ಪ್ಯಾಚು ಹಾಕುವುದನ್ನು ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಕಲಿಸೋಣ. ಬೀದಿಯ ಪಂಕ್ಚರ್ ಅಂಗಡಿ ಇನ್ನೂ ತೆರೆಯದ ಮುಂಜಾವಿನಲ್ಲಿ ಅವರಿಗೆ ನೆರವಾಗುವುದು ಆ ವಿದ್ಯೆಯೇ.